ನಮ್ಮ ಭಾವನ ನಾಡಿಪಟ್ಟಿ

ಕುರಿಗೆ ಓಲೆ ಹಾಕಿದ ಎಂಜಿನಿಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು ಬಂತು, ಅವರಿಗೆ ನಮ್ಮ ಮನೆಯ ಹೆಣ್ಣನ್ನೇ ಕೊಟ್ಟಿದ್ದೆವು!

ಅವರು ನನ್ನ ಅಕ್ಕನ ಗಂಡ. ಪಾವಗಡದ ಕಡೆಯವರು, ಮನೆಮಾತು ತೆಲುಗು. ಬೆಂಗಳೂರಿನಲ್ಲಿ ಡಿಪ್ಲೊಮಾ ಓದಿ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಮೀಟರುಗಳ ಹೊಟ್ಟೆಯೊಳಗೆ ಏನೇನಿರಬೇಕು ಎಂದು ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ದಿನ ಆ ಕೆಲಸ ಬಿಟ್ಟು, ಒಂದು ಟ್ರಂಕು ವೈರು ಮತ್ತು ನನ್ನ ಅಕ್ಕ, ಇಷ್ಟು ಸಾಮಾನಿನೊಂದಿಗೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಇಳಿದರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ. ಒಬ್ಬರಿಗೆ ಅಲ್ಲಿನ ನೀರು ಸರಿಯಿಲ್ಲ, ಇನ್ನೊಬ್ಬರಿಗೆ ಮ್ಯಾನೇಜರ್ ಸರಿಯಿಲ್ಲ, ಮತ್ತೊಬ್ಬರಿಗೆ ಬೆಂಗಳೂರಿನ ಸೊಳ್ಳೆ ಸರಿಯಿಲ್ಲ!

ಸರಿಯಿಲ್ಲದ್ದು ನನ್ನ ಅಕ್ಕನ ಹೃದಯ. ಚಿಕ್ಕಂದಿನಲ್ಲಿ ಬಂದ ಕೀಲು ಜ್ವರ ಮಂಡಿಯಿಂದ ಇಳಿದು ಎದೆಗೆ ಹೋಗಿ ಕೂತಿತ್ತಂತೆ. "ಬೆಳಿಗ್ಗೆ ಸಂಜೆ ನಾಡಿ ಎಣಿಸಿ. ಓಟ ಕಿತ್ತರೆ, ಇಲ್ಲಾ ನಡುನಡುವೆ ತಪ್ಪಿದರೆ, ಅವತ್ತೇ ಕರಕೊಂಡು ಬನ್ನಿ. ತಡ ಮಾಡಿದರೆ ಕಷ್ಟ" ಎಂದು ಡಾಕ್ಟರು ಹೇಳಿದ್ದರು. ತವರು ಹತ್ತಿರವಿದ್ದರೆ ನೋಡಿಕೊಳ್ಳಲು ಜನ ಇರುತ್ತಾರೆ ಎಂದು ಭಾವ ಇಲ್ಲಿಗೆ ಬಂದಿದ್ದರು. ಅಕ್ಕ ಹೇಗಿದ್ದಳು ಎಂದರೆ, ಎದೆ ಹಿಡಿದುಕೊಂಡರೂ "ಏನಿಲ್ಲ ಬುಡು" ಎಂದು ಬಿಂದಿಗೆ ಎತ್ತುವವಳು. ಅವಳನ್ನು ಕೇಳಿ ತಿಳಿಯುವುದು ಕನಸಿನ ಮಾತು. ನಾಡಿಯನ್ನೇ ಕೇಳಬೇಕು.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡುತ್ತಿದ್ದರು. ನಮ್ಮ ಭಾವ ಯಂತ್ರ ಮಾಡಲು ಕೂತರು! ಮೈಮೇಲೆ ಕಟ್ಟಿಕೊಂಡು ಓಡಾಡುವಂಥ, ನಾಡಿಯನ್ನು ತಾನೇ ಹಿಡಿದು ತೋರಿಸುವಂಥ ಯಂತ್ರ. "ದೇವರು ಕೊಟ್ಟ ಬೆರಳಿಗೆ ಏನಾಗಿದೆ ಸ್ವಾಮಿ?" ಎಂದು ಆಸ್ಪತ್ರೆಯ ಕಾಂಪೌಂಡರ್ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಭಾವ ಅವರ ಕೈ ಹಿಡಿದು ಕುಲುಕುವ ನೆಪದಲ್ಲಿ ಅವರ ನಾಡಿಯನ್ನೇ ಎಣಿಸಿ, "ಎಂಬತ್ತನಾಲ್ಕು. ಕಾಫಿ ಕಡಿಮೆ ಮಾಡಿ" ಎಂದು ಹೊರಟುಬಿಡುತ್ತಿದ್ದರು.

ಊರಲ್ಲಿ ಯಾರ ಕೈಯನ್ನೂ ಅವರು ಬಿಟ್ಟವರಲ್ಲ. ಕಂಡಕ್ಟರು ಚಿಲ್ಲರೆ ಕೊಡಲು ಕೈ ಚಾಚಿದರೆ ಚಿಲ್ಲರೆ ಬಿಟ್ಟು ಮಣಿಕಟ್ಟು ಹಿಡಿಯುವರು. ಎಲ್ಲರನ್ನೂ ಅಳೆಯುವುದು ತಮ್ಮ ನಾಡಿಯ ಪಕ್ಕದಲ್ಲಿಟ್ಟು. "ನಂದು ಎಪ್ಪತ್ತೆರಡು. ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ಸ್ಟ್ಯಾಂಡರ್ಡ್ ಕಣಯ್ಯ" ಎಂದು, ಅಂಗಡಿಯವರು ತಕ್ಕಡಿ ಕಲ್ಲು ತೋರಿಸುವ ಹಾಗೆ ತಮ್ಮ ಕೈ ತೋರಿಸುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಟೈಲರ್. ಆರನೇ ಕ್ಲಾಸಿನಲ್ಲಿ ಮೇಷ್ಟ್ರಿಗೆ ನಾನು ಸಾಕಾಗಿ, ನನಗೆ ಮೇಷ್ಟ್ರು ಸಾಕಾಗಿ, ಇಬ್ಬರೂ ಒಪ್ಪಿಕೊಂಡೇ ಬೇರೆಯಾದೆವು. ಹದಿನಾಲ್ಕಕ್ಕೆ ಕಾಜ ಹಾಕಲು ಕಲಿತೆ, ಇಪ್ಪತ್ತೆರಡಕ್ಕೆ ಸ್ವಂತ ಮಿಷನ್ ಇಟ್ಟೆ. ನಾನು ಹೊಲಿದ ಪ್ಯಾಂಟು ಹಳೆಯದಾಗಿ ಹರಿದಿದ್ದುಂಟು, ಹೊಲಿಗೆ ಬಿಟ್ಟಿದ್ದಿಲ್ಲ. ಇದು ಜಂಬ ಅಲ್ಲ, ಮಧುಗಿರಿಯಲ್ಲಿ ಯಾರನ್ನಾದರೂ ಕೇಳಿ.

ನನ್ನ ಅಂಗಡಿಯ ಅರ್ಧಕ್ಕೆ ಪ್ಲೈವುಡ್ ಅಡ್ಡ ಹೊಡೆದು ಭಾವನಿಗೆ ಕೊಟ್ಟೆ. ಹೊಟ್ಟೆಪಾಡಿಗೆ ರೇಡಿಯೊ ರಿಪೇರಿ. ಆದರೆ ಬೋರ್ಡು ಬರೆಸುವಾಗ "ನಾನು ರಿಪೇರಿಯವನಲ್ಲ" ಎಂದು ಹಟ ಹಿಡಿದು 'ಡಿಸೈನ್ ಎಂಜಿನಿಯರ್' ಎಂದು ಬರೆಸಿದರು. ಪಕ್ಕದಲ್ಲೇ ಟೈಲರ್ ಬೋರ್ಡು. ಕೇಳಬೇಕೆ? ಮೊದಲ ತಿಂಗಳಲ್ಲಿ ಅವರಿಗೆ ಬಂದ ಗಿರಾಕಿಗಳು ಎಂದರೆ ಕುಪ್ಪಸಕ್ಕೆ ಹೊಸ ಡಿಸೈನು ಕೇಳಿಕೊಂಡು ಬಂದ ಹೆಂಗಸರು!

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಮನುಷ್ಯರ ಹತ್ತಿರ ಕನ್ನಡ, ಯಂತ್ರಗಳ ಹತ್ತಿರ ತೆಲುಗು. ಕೆಟ್ಟ ರೇಡಿಯೊ ಮುಂದೆ ಕೂತು "ರಾ ತಲ್ಲೀ, ರಾ" ಎಂದು ಮಗುವನ್ನು ಕರೆದ ಹಾಗೆ ಕರೆಯುತ್ತಿದ್ದರು. ನಾಡಿ ಯಂತ್ರದ ಕೆಲಸ ಶುರುವಾದ ಮೇಲೆ ನನಗೂ ಅದರಲ್ಲಿ ಒಂದು ನೌಕರಿ ಸಿಕ್ಕಿತು. ಅವರು ಬೆರಳಿಗೆ ವೈರು ಸಿಕ್ಕಿಸಿಕೊಂಡು ಅತ್ತ ತಿರುಗಿ ಸರಿಮಾಡುವರು, ನಾನು ಡಬ್ಬಿಯ ಮೇಲಿನ ಮೀಟರ್ ಮುಳ್ಳನ್ನು ನೋಡುತ್ತಿರಬೇಕು. "ಒಚ್ಚಿಂದಾ?" ಎನ್ನುವರು ಅವರು. ಬಂತಾ ಅಂತ. ಮುಳ್ಳು ಅಲುಗಿದರೆ ನಾನು "ಒಚ್ಚಿಂದಿ" ಎನ್ನಬೇಕು. ಮನೆಯಲ್ಲಿ ಒಮ್ಮೆ ಮರೆತು ಅಕ್ಕನಿಗೂ "ಕಾಫಿ ಒಚ್ಚಿಂದಾ?" ಎಂದುಬಿಟ್ಟರು. ಅಕ್ಕ ಲೋಟ ಕುಕ್ಕಿ, "ನಾನೇನ್ ನಿಮ್ ರೇಡಿಯಾನಾ? ಕನ್ನಡದಲ್ಲಿ ಕೇಳ್ರಿ" ಎಂದಳು.

ಯಂತ್ರದ ಗುಟ್ಟು ಬಹಳ ಸರಳ. ಬ್ಯಾಟರಿ ದೀಪದ ಮೇಲೆ ಅಂಗೈ ಇಟ್ಟರೆ ಬೆರಳು ಕೆಂಪಗೆ ಹೊಳೆಯುವುದನ್ನು ನೀವೂ ನೋಡಿದ್ದೀರಿ. ನಾಡಿ ಬಡಿದಾಗಲೆಲ್ಲ ಒಳಗೆ ರಕ್ತ ತುಂಬಿ ಆ ಕೆಂಪು ಒಂದು ಕೂದಲೆಳೆಯಷ್ಟು ಮಂಕಾಗುತ್ತದಂತೆ. ಒಂದು ಪುಟಾಣಿ ಬಲ್ಬು, ಬೆಳಕಿನ ಏರಿಳಿತ ಕಂಡುಹಿಡಿಯುವ ಹುರುಳಿಕಾಳಿನಷ್ಟು ಒಂದು ಗಾಜಿನ ಕಣ್ಣು, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರ ಮೇಲೊಂದು ಮುಳ್ಳು. ಬಲ್ಬು ಮತ್ತು ಕಣ್ಣು ಮಣಿಕಟ್ಟಿಗೆ ಅಂಟಿಕೊಂಡಿರಬೇಕು, ಹೊರಗಿನ ಬೆಳಕು ನುಗ್ಗಬಾರದು. ಅದಕ್ಕೊಂದು ಪಟ್ಟಿ ಬೇಕು. ಪಟ್ಟಿ ಎಂದಮೇಲೆ ಯಾರು ಬೇಕು? ಆರನೇ ಕ್ಲಾಸಿನವನು ಬೇಕು!

ಕೊಡೆ ಬಟ್ಟೆಯ ಹೊರಮೈ, ಒಳಗೆ ಕ್ಯಾನ್ವಾಸು, ಎರಡು ಕೊಕ್ಕೆ. ಕಾಲರ್ ಕೂತ ಹಾಗೆ ಗಟ್ಟಿಯಾಗಿ ಕೂರುವಂತೆ ಹೊಲಿದುಕೊಟ್ಟೆ. ಅದೇ ವಾರ ಕೊರಟಗೆರೆಯಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ ಹಬ್ಬದೂಟ. ಊಟ ಮುಗಿಸಿ ಗೋಡೆಗೆ ಒರಗಿದ್ದ ದೊಡ್ಡಪ್ಪನ ಕೈಗೆ ಭಾವ ಪಟ್ಟಿ ಬಿಗಿದರು. ಸುತ್ತ ನೆಂಟರು.

"ಒಚ್ಚಿಂದಾ?"

ಮುಳ್ಳು ಅಲುಗಲಿಲ್ಲ. "ಇಲ್ಲ ಭಾವ."

"ಈಗ? ಒಚ್ಚಿಂದಾ?"

"ಇಲ್ಲ."

"ಏನ್ ಬರ್ಬೇಕು ಅಳಿಯಂದ್ರೆ?" ಎಂದರು ದೊಡ್ಡಪ್ಪ, ಕಣ್ಣು ಬಿಟ್ಟು.

"ನಿಮ್ಮ ನಾಡಿ ಮಾವ."

"ಇಲ್ವಾ?" ದೊಡ್ಡಪ್ಪನ ಮುಖ ಬೂದಿಯಾಯಿತು. ನನ್ನ ಕಡೆ ತಿರುಗಿ, "ಲೇ, ತಿಂದ ಒಬ್ಬಟ್ಟು ಇನ್ನಾ ಹೊಟ್ಟೆಗ್ ಇಳ್ದಿಲ್ಲ ಕಣ್ಲಾ, ಅಷ್ಟ್ರಲ್ಲೇ ಹೋಗ್ಬುಟ್ನಾ ನಾನು?" ಎಂದರು.

ಒಳಗಿದ್ದ ದೊಡ್ಡಮ್ಮ ಮೊದಲು ಹೋ ಎಂದು ಅತ್ತು, ಯಾಕೆ ಅತ್ತೆ ಎಂದು ಕೇಳಲು ಆಮೇಲೆ ಹೊರಗೆ ಬಂದರು!

ಪಟ್ಟಿ ಬಿಚ್ಚಿದರೆ ದೊಡ್ಡಪ್ಪನ ಅಂಗೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ತಪ್ಪು ಯಂತ್ರದ್ದಲ್ಲ, ನನ್ನದು. ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ ನಾನು ಹೊಲಿದದ್ದು ಸರಿಯಾಗಿ ಕೂತಿದ್ದೇ ತಪ್ಪಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಭಾವನೇ ಹೇಳಿದರು: "ರಕ್ತಾನ ಬಾಗಿಲಲ್ಲೇ ತಡೆದು, ಒಳಗೆ ಯಾರೂ ಬಂದಿಲ್ಲ ಅಂದರೆ ಹೆಂಗಯ್ಯಾ? ಕೋಳಿಮರಿ ಹಿಡ್ಕೊಳ್ಳಲ್ವಾ, ಹಂಗೆ. ಹಿಡಿದಂಗಿರಬೇಕು, ಹಿಂಡಿದಂಗಿರಬಾರದು."

ಒಂಬತ್ತು ಪಟ್ಟಿ ಹೊಲಿದು ಒಂಬತ್ತನ್ನೂ ಬಿಚ್ಚಿದೆ. ಕ್ಯಾನ್ವಾಸು ತೆಗೆದು, ನಮ್ಮ ತಂದೆಯ ಹಳೆಯ ಮಲ್ಲು ಪಂಚೆಯನ್ನು ಒಳಗೆ ಕೊಟ್ಟು, ಸಣ್ಣ ಎಲಾಸ್ಟಿಕ್ ಸೇರಿಸಿದ ಹತ್ತನೆಯದು ಕೈಯ ಮೇಲೆ ಕೋಳಿಮರಿಯಂತೆ ಕೂತಿತು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ನಮ್ಮ ಕಾರ್ಖಾನೇಲಿ ಯಾರಿಗೂ ಮಾಡಕ್ಕೆ ಬರ್ತಿರಲಿಲ್ಲ" ಎಂದರು. ಅವತ್ತು ಸಂಜೆ ನಾನು ಒಂದು ರೋಲು ದಾರ ಜಾಸ್ತಿ ಹೊಲಿದೆ.

ಆದರೆ ಆ ಪಟ್ಟಿಯನ್ನು ಯಾರಿಗಾಗಿ ಹೊಲಿದಿದ್ದೆನೋ ಅವಳ ಕೈಯಲ್ಲಿ ಜಾಗವೇ ಇರಲಿಲ್ಲ! ಒಂದೊಂದು ಕೈಗೆ ಡಜನ್ ಗಾಜಿನ ಬಳೆ. ಸರಿ, ಬಳೆಗಳನ್ನು ಮೇಲಕ್ಕೆ ಸರಿಸಿ ಪಟ್ಟಿ ಕಟ್ಟಿದೆವು. ಅಕ್ಕ ಅಡುಗೆಮನೆಗೆ ಹೋದಳು. ಉದ್ದದ ವೈರು ಹಿಂದೆಯೇ ಹೋಯಿತು. ಮುಳ್ಳು ಹುಚ್ಚು ಹಿಡಿದಂತೆ ಕುಣಿಯತೊಡಗಿತು. ಭಾವ ಗಡಿಯಾರ ನೋಡಿ ಎಣಿಸಿದರು, ಬೆವರಿದರು.

"ಮುನ್ನೂರು! ಅಯ್ಯಯ್ಯೋ, ತುಮಕೂರು ಬಸ್ಸು ಎಷ್ಟೊತ್ತಿಗೆ?"

ಒಳಗಿನಿಂದ ಅಕ್ಕ, "ಮುದ್ದೆ ತಿರುವ್ತಾ ಇದೀನಿ ತಡೀರಿ, ಉಂಡ್ಕಂಡೇ ಹೋಗನ" ಎಂದಳು.

ಬಳೆ ಜಾರಿ ಬಂದು ಪಟ್ಟಿಗೆ ಬಡಿದಾಗಲೆಲ್ಲ ಯಂತ್ರ ಅದನ್ನೇ ನಾಡಿ ಎಂದು ನಂಬಿತ್ತು. ಎಂಜಿನಿಯರ್ ಬುದ್ಧಿ ನೋಡಿ, ಭಾವ ಸಲೀಸಾಗಿ ಹೇಳಿದರು: "ಹಂಗಾದ್ರೆ ಎಡಗೈ ಬಳೆ ತೆಗೆದಿಟ್ಟುಬಿಡು."

ಮನೆಯಲ್ಲಿ ಬೆಂಕಿ ಬಿತ್ತು. ಪಾವಗಡದಿಂದ ಬಂದಿದ್ದ ಭಾವನ ತಾಯಿ ಕೂತಲ್ಲಿಂದ ಎದ್ದರು. "ಒರೇ! ಗುಂಡುಕಲ್ಲಂಗೆ ಗಂಡ ಕೂತಿರುವಾಗ್ಲೇ ಹೆಂಡ್ತಿ ಬಳೆ ತೆಗಿ ಅಂತೀಯಲ್ಲೋ, ನಿನ್ ಓದಿಗಷ್ಟು ಮಣ್ಣಾಕ!" ಎಂದರು. ಯಾವತ್ತೂ ಅತ್ತೆಯ ಮಾತು ಒಪ್ಪದ ಅಕ್ಕ ಅವತ್ತು ಅತ್ತೆಯ ಪಕ್ಕ ಹೋಗಿ ನಿಂತಳು. "ನನ್ ಗುಂಡಿಗೆ ಇವತ್ತೋ ನಾಳೆಯೋ, ಗೊತ್ತು. ಬಳೆ ಹಾಕ್ಕಂಡೇ ಹೋಗ್ತೀನಿ ಕಣ್ರೀ. ತೆಗೆಯೋ ಮಾತೇ ಇಲ್ಲ" ಎಂದಳು.

ಭಾವ ಪಟ್ಟಿಯನ್ನು ಬಲ್ಬು, ಕಣ್ಣಿನ ಸಮೇತ ಮಡಚಿ ಟ್ರಂಕಿನಲ್ಲಿಟ್ಟರು.

ಆಮೇಲಿನ ದಾರಿ ತೋರಿಸಿದವನು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆಯ ಒಬ್ಬ ಕುರಿಗಾಹಿ. ಟ್ರಾನ್ಸಿಸ್ಟರ್ ರಿಪೇರಿಗೆ ತಂದವನು ಕೂತು ಮಾತಿಗೆ, "ಕುರಿಗೆ ಜರ ಬಂದ್ರೆ ನಾವೇನ್ ಡಾಕ್ಟ್ರ ಕರೀತೀವಾ ಸಾಮಿ? ಕಿವಿ ಮುಟ್ಟಿದ್ರೆ ಎಲ್ಲಾ ಹೇಳ್ಬುಡ್ತದೆ" ಎಂದ. ಭಾವನ ಕೈಲಿದ್ದ, ಬೆಸುಗೆ ಹಾಕುವ ಕಾವಿನ ಕಡ್ಡಿ ಹಾಗೇ ನಿಂತಿತು. ಕಿವಿ! ಸಂಜೆ ಬಿಸಿಲಿಗೆ ಎದುರಾಗಿ ನಿಂತ ಕುರಿಯ ಕಿವಿ ಕೆಂಪಗೆ ಹೊಳೆಯುವುದಿಲ್ಲವೇ? ಅಲ್ಲಿ ಎಲುಬಿಲ್ಲ, ಬಳೆಯೂ ಇಲ್ಲ!

ಮಾರನೆಯ ದಿನವೇ ನಾವು ಕಳ್ಳಂಬೆಳ್ಳದ ಕೆರೆ ಏರಿಯ ಮೇಲಿದ್ದೆವು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಸ್ಪ್ರಿಂಗು ಸಡಿಲಿಸಿ, ಒಂದು ದವಡೆಗೆ ಬಲ್ಬು, ಇನ್ನೊಂದಕ್ಕೆ ಗಾಜಿನ ಕಣ್ಣು ಇಟ್ಟು, ನಾನು ಮಖಮಲ್ಲಿನ ಮೆತ್ತೆ ಹೊಲಿದಿದ್ದೆ. ಕುರಿಗಾಹಿ ತನ್ನ ಮುದ್ದಿನ ಕುರಿ ಕೆಂಚಿಯನ್ನು ಹಿಡಿದುಕೊಂಡ. ಭಾವ ಕ್ಲಿಪ್ಪು ಹಾಕಿದರು.

"ಒಚ್ಚಿಂದಾ?"

ನಾನು ಬಾಯಿ ಬಿಡುವ ಮೊದಲೇ ಮುಳ್ಳು ಉಯ್ಯಾಲೆಯಂತೆ ತೂಗಿತು. "ಒಚ್ಚಿಂದಿ ಭಾವ, ಒಚ್ಚಿಂದಿ!" ಎಂದು ಕಿರುಚಿದೆ. ಆ ಕಿರುಚಾಟಕ್ಕೆ ಕೆಂಚಿ ಬೆದರಿ ಕೊಸರಿಕೊಂಡು ಓಡಿತು, ವೈರಿನ ತುದಿಯಲ್ಲಿ ಪೆಟ್ಟಿಗೆ ಡಬಡಬ ಎನ್ನುತ್ತ ಹಿಂದೆ. ಆ ಸದ್ದಿಗೆ ಇಡೀ ಮಂದೆ ಎದ್ದು ಓಡಿತು. "ಹಿಡೀರ್ಲಾ! ಅದ್ರ ಕಿವೀಲಿ ಇಂಜಿನೇರ್ ಸಾಮಾನೈತೆ!" ಎಂದು ಕುರಿಗಾಹಿ ಕೂಗುತ್ತಿದ್ದಾನೆ. ಭಾವ ಪಂಚೆ ಎತ್ತಿ ಕಟ್ಟಿ ಮಂದೆಯ ನಡುವೆ ಓಡುತ್ತ, ಎರಡೂ ಕೈ ಮೇಲೆತ್ತಿ, "ಒಚ್ಚಿಂದಿ! ಒಚ್ಚಿಂದಿ!" ಎಂದು ಕೆರೆಗೆಲ್ಲ ಸಾರುತ್ತಿದ್ದಾರೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ಬೋ ಓದವ್ನಂತೆ ಕಣಮ್ಮ. ಜಾಸ್ತಿ ಓದಿದ್ರೆ ಇಂಗೇಯಾ" ಎಂದಳು. ಆರನೇ ಕ್ಲಾಸಿಗೇ ಬಿಟ್ಟದ್ದು ಒಳ್ಳೆಯದಾಯಿತು ಎಂದು ನನಗೆ ಅಷ್ಟು ಖಚಿತವಾಗಿ ಇನ್ಯಾವತ್ತೂ ಅನ್ನಿಸಿಲ್ಲ!

ಆ ಕ್ಲಿಪ್ಪನ್ನೇ ಕಿರಿದು ಮಾಡಿ, ಮುಂದುಗಡೆಗೆ ಒಂದು ಕೆಂಪು ಕಲ್ಲು ಕೂರಿಸಿ, ಬಲ್ಬನ್ನು ಹಿಂದೆ ಅಡಗಿಸಿ ಓಲೆ ಮಾಡಿದರು. ವೈರು ಸೆರಗಿನೊಳಗೆ ಇಳಿದು ಹೋಗುತ್ತಿತ್ತು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಅಕ್ಕ ಕನ್ನಡಿ ನೋಡಿಕೊಂಡು, "ಒಂದೇ ಕಿವಿಗಾ?" ಎಂದಳು. ಭಾವ ರಾತ್ರಿಯೊಳಗೆ ಇನ್ನೊಂದು ಕಿವಿಗೂ ಒಂದು ಮಾಡಿಕೊಟ್ಟರು. ಅದರಲ್ಲಿ ಬಲ್ಬಿಲ್ಲ, ಕಣ್ಣಿಲ್ಲ, ಬರೀ ಕಲ್ಲು. ನಾಡಿಗೆ ಅದರಿಂದ ಏನೂ ಉಪಯೋಗವಿಲ್ಲದಿದ್ದರೂ ಅಕ್ಕ ಯಂತ್ರವನ್ನು ಒಪ್ಪಿದ್ದು ಅದರಿಂದಲೇ.

ಎರಡು ವಾರ ಚೆನ್ನಾಗಿ ನಡೆಯಿತು. ಮೂರನೆಯ ವಾರ ಕುರಿಗಾಹಿ ಪ್ರೀತಿಯಿಂದ ಒಂದು ಕಂಬಳಿ ತಂದ. ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿ ಅವನ ಮುಖ ಅರಳಿತು. "ಅವ್ವಾ! ನಮ್ ಕೆಂಚಿ ಹಾಕ್ಕಂಡಿದ್ದ ಓಲೆ ಅಲ್ವಾ ಇದು? ಅದ್ಕಿಂತ ನಿಮ್ಗೇ ಚೆಂದಾಗೈತೆ!"

ಅಕ್ಕ ಓಲೆ ಕಿತ್ತು ಕಿಟಕಿಯಲ್ಲಿಟ್ಟಳು. ಒಂದು ವಾರ ಗಂಡನ ಹತ್ತಿರ ಮಾತಿಲ್ಲ, ನನ್ನ ಹತ್ತಿರವೂ ಇಲ್ಲ. "ಕುರಿ ಮೇಲೆ ನೋಡಿ ಆಮೇಲೆ ನನಗಾ? ನನ್ ಮೇಲೆ ನೋಡಿ ಕುರಿಗೆ ಹಾಕಿದ್ರೆ ಏನಾಗ್ತಿತ್ತು?" ಎಂದು ಅಮ್ಮನ ಹತ್ತಿರ ಅತ್ತಳಂತೆ. ಬಿಡುವಾಯಿತಲ್ಲ ಎಂದು ಭಾವ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದರು.

ಆ ವಾರದಲ್ಲೇ ಅದು ಆಯಿತು. ಮಧ್ಯಾಹ್ನ ಪ್ಲೈವುಡ್ ಮೇಲೆ ಭಾವ ದಬದಬ ಬಡಿದರು. ಅಂಗಡಿಯ ಹಿಂದೆಯೇ ಅವರ ಮನೆ. ಓಡಿಹೋದರೆ ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು, ಉಸಿರು ಮೇಲೆ ಕೆಳಗೆ. "ಏನಿಲ್ಲ ಬುಡು" ಎನ್ನಲೂ ಆಗುತ್ತಿರಲಿಲ್ಲ. ಭಾವ ಅವಳ ಮುಂದೆ ಮಂಡಿಯೂರಿದ್ದರು. ಕೂದಲಿನಂಥ ತಂತಿಗೆ ಬೆಸುಗೆ ಹಾಕುವಾಗ ಅಲುಗದ ಆ ಕೈ, ಅಕ್ಕನ ಮಣಿಕಟ್ಟಿನ ಹತ್ತಿರ ಹೋಗುವುದು, ಮುಟ್ಟದೆ ಹಿಂದೆ ಬರುವುದು.

"ನೀನು ಎಣಿಸಯ್ಯ" ಎಂದರು. "ನನ್ನ ಕೈಲಾಗಲ್ಲ."

ನಾನು ಹೊಲಿಗೆ ಎಣಿಸಿದ ಹಾಗೆ ಎಣಿಸಿದೆ. ನೂರ ಮೂವತ್ತು. ನಡುನಡುವೆ ಒಂದೊಂದು ಹೊಲಿಗೆ ತಪ್ಪುತ್ತಿತ್ತು. ಸಿಕ್ಕಿದ ವ್ಯಾನು ಹತ್ತಿಸಿಕೊಂಡು ತುಮಕೂರಿಗೆ ಓಡಿದೆವು. ಸಮಯಕ್ಕೆ ಬಂದಿರಿ, ಉಳಿದರು ಎಂದರು ಡಾಕ್ಟರು.

ಆಸ್ಪತ್ರೆಯ ಜಗಲಿಯಲ್ಲಿ ಕೂತಾಗ ನಾನು ಕೇಳಿಯೇಬಿಟ್ಟೆ. "ಭಾವ, ಊರವರ ಕೈಯೆಲ್ಲ ಹಿಡೀತೀರಿ. ಅಕ್ಕನ ಕೈ ಹಿಡಿದು ಎಣಿಸೋಕ್ಕೇನು ಕಷ್ಟ?"

ಅವರು ಚಪ್ಪಲಿ ನೋಡುತ್ತ ಹೇಳಿದರು: "ಬೆರಳಿಗೆ ಒಂದು ಬಡಿತ ಬರತ್ತಲ್ಲ, ಆಮೇಲೆ ಇನ್ನೊಂದು ಬರೋವರೆಗೆ ಒಂದು ಜಾಗ ಇರತ್ತೆ ಕಣಯ್ಯ. ಅಲ್ಲಿ ಕಾಯಕ್ಕೆ ನನ್ನ ಕೈಲಿ ಆಗಲ್ಲ. ಬರದೇ ಹೋದ್ರೆ ಅನ್ಸತ್ತೆ. ಯಂತ್ರಕ್ಕೆ ಆ ಭಯ ಇಲ್ಲ ನೋಡು."

ಮೂರು ವರ್ಷ ನಾನು ಹುಚ್ಚು ಎಂದುಕೊಂಡಿದ್ದಕ್ಕೆ ಇಷ್ಟೇ ಕಾರಣ. ಅಕ್ಕನಿಗೆ ನಾನೇ ಹೇಳಿದೆ. ಅವಳು ಊರಿಗೆ ಬಂದ ದಿನ ಕಿಟಕಿಯಿಂದ ತಾನಾಗಿ ಓಲೆ ತೆಗೆದು ಹಾಕಿಕೊಂಡು, "ಕೆಂಚಿ ಚೆನ್ನಾಗೈತಂತಾ?" ಎಂದಳು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಓಲೆ ಅವಳನ್ನು ಕಾಯಿತು. ಎರಡು ಸಲ ಅವಳಿಗೇ ಗೊತ್ತಾಗುವ ಮೊದಲು ಮುಳ್ಳು ಹೇಳಿತು. ಎರಡನೆಯ ಸಲ ತುಮಕೂರಿನ ಆ ಡಾಕ್ಟರು ಓಲೆಯನ್ನು ಕೈಲಿ ಹಿಡಿದು, "ಇಂಥದ್ದನ್ನ ನಾನೇ ನೋಡಿಲ್ಲವಲ್ಲ, ಎಲ್ಲಿ ಕೊಂಡಿರಿ?" ಎಂದು ಕೇಳಿದರು. ಭಾವ ಒಂಚೂರೂ ನಗದೆ, "ಟೈಲರ್ ಅಂಗಡೀಲಿ ಸರ್" ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. ನಾನು ಅಳತೆ ಟೇಪನ್ನು ಕತ್ತಿನಿಂದ ತೆಗೆಯುವುದನ್ನೇ ಮರೆತು ಬಂದಿದ್ದೆ. ಡಾಕ್ಟರು ಎದ್ದು ನನ್ನ ಕೈ ಕುಲುಕಿದರು!

ಎಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ. ಪ್ಲೈವುಡ್ ಸುಡುವ ವಾಸನೆ ಬಂತು. "ಭಾವ, ಕಾವಿನ ಕಡ್ಡಿ ಎಲ್ಲಿಟ್ಟಿದೀರಿ ನೋಡಿ" ಎಂದು ಕೂಗಿದೆ. ಇನ್ನೊಂದು ಸಲ ಕೂಗಿದೆ. ಆಚೆ ಹೋದರೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದರು. ಊರಿಗೆಲ್ಲ ಅಳತೆಯಾಗಿದ್ದ ಆ ಎಪ್ಪತ್ತೆರಡೇ ನಿಂತುಹೋಗಿತ್ತು.

ಹನ್ನೊಂದನೆಯ ದಿನ ಅಕ್ಕನ ಬಳೆ ತೆಗೆದರು. ಮಾರನೆಯ ಬೆಳಿಗ್ಗೆ ಅವಳು ನನಗೆ ಹೇಳಿಕಳಿಸಿದಳು. ಟ್ರಂಕು ತೆರೆದಿಟ್ಟುಕೊಂಡು ಕೂತಿದ್ದಳು. ತೊಡೆಯ ಮೇಲೆ ಹತ್ತನೆಯ ಪಟ್ಟಿ.

"ಇದ್ನ ಕಟ್ಟೋಕೆ ಎಷ್ಟು ಬೇಡ್ಕಂಡ್ರು" ಎಂದು ಎಡಗೈ ಮುಂದೆ ಚಾಚಿದಳು. "ಈಗ ಜಾಗ ಆಗೈತೆ. ಕಟ್ಟಪ್ಪ."

ಎಲಾಸ್ಟಿಕ್ ಸತ್ತುಹೋಗಿತ್ತು, ಅವಳ ಕೈಯೂ ಸಣ್ಣಗಾಗಿತ್ತು. ಜೇಬಿನಿಂದ ಸೂಜಿ ದಾರ ತೆಗೆದು ಅಲ್ಲೇ ಒಂದು ಮಡಿಕೆ ಹಿಡಿದು ಹೊಲಿದೆ. ಕೊಕ್ಕೆ ಹಾಕಿ, "ಬಿಗೀನಾ ಅಕ್ಕ?" ಎಂದೆ.

"ಇಲ್ಲ. ಹಿಡಿದಂಗೈತೆ."

ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಗಡಿಯಾರ ನೋಡಿಕೊಂಡು ಎಣಿಸತೊಡಗಿದೆ. ದಿನಕ್ಕೆ ಸಾವಿರ ಹೊಲಿಗೆ ಎಣಿಸುವವನು ನಾನು. ಒಂದು, ಎರಡು, ಮೂರು. ಆರಕ್ಕೆ ಬಂದು ನಿಂತೆ. ಮುಳ್ಳು ಕೆಳಗೆ ಬಂದಿತ್ತು, ಮತ್ತೆ ಏಳಬೇಕಾಗಿತ್ತು. ಭಾವ ಹೇಳಿದ್ದ ಆ ಜಾಗಕ್ಕೆ ನಾನು ಮೊದಲ ಸಲ ಕಾಲಿಟ್ಟಿದ್ದೆ.

ಅಕ್ಕ ಕಣ್ಣು ಮುಚ್ಚಿ ಕಂಬಕ್ಕೆ ಒರಗಿದ್ದಳು. ಜೀವಮಾನದಲ್ಲಿ ತೆಲುಗು ಆಡದವಳು ಮೆಲ್ಲಗೆ ಕೇಳಿದಳು:

"ಒಚ್ಚಿಂದಾ?"

ಮುಳ್ಳು ಎದ್ದಿತು. "ಒಚ್ಚಿಂದಿ ಅಕ್ಕ" ಎಂದೆ.